ಪಿಂಜಾರ ಓಣಿಗೆ ಹೂಂ ಅಂದವರು

ನಮ್ಮೂರಿನಲ್ಲಿ ಓಣಿಗಳು ಎದ್ದು ಹೋಗುತ್ತವೆ. ದಿನಾ ಹೋಗುವುದಿಲ್ಲ, ಒಬ್ಬರ ಆಯುಷ್ಯದಲ್ಲಿ ಒಂದೋ ಎರಡೋ ಹೋದರೆ ಹೆಚ್ಚು. ಹೋದ ಮೇಲೆ ಆಚೀಚೆಯ ಓಣಿಗಳು ಸಂಜೆಯೊಳಗೆ ಹತ್ತಿರ ಸರಿದು, ಹಿತ್ತಿಲಗೋಡೆಗೆ ಹಿತ್ತಿಲಗೋಡೆ ಹಚ್ಚಿಕೊಂಡು ನಿಲ್ಲುತ್ತವೆ. ಮರುದಿನ ಆ ಗೋಡೆಯ ಮೇಲೆ ಹಪ್ಪಳ ಒಣಹಾಕುವ ಹಕ್ಕು ಯಾರದು ಎಂದು ಎರಡೂ ಕಡೆಯ ಹೆಂಗಸರು ಜಗಳಕ್ಕೆ ನಿಲ್ಲುತ್ತಾರೆ. ಟಪಾಲಿನವನು ಹೋದ ಓಣಿಯ ಕಾಗದಗಳನ್ನು ಕೆಲವು ದಿನ ಚೀಲದಲ್ಲಿಟ್ಟುಕೊಂಡು ತಿರುಗಾಡಿ, ಕಡೆಗೆ ಬಂದಲ್ಲಿಗೇ ವಾಪಸು ಕಳಿಸುತ್ತಾನೆ.

ಓಣಿ ತಾನಾಗಿ ಹೋಗುವುದಿಲ್ಲ, ಕೇಳಿ ಹೋಗುತ್ತದೆ. ಪ್ರತಿ ಓಣಿಗೂ ಕೇಳುವವನು ಅಂತ ಒಬ್ಬನಿರುತ್ತಾನೆ. ಅವನು ಬೆಳಿಗ್ಗೆ ಬಾಗಿಲು ಬಾಗಿಲಿಗೆ ನಿಂತು, "ಹೋಗೂಣೇನು?" ಎಂದು ಕೇಳುತ್ತಾನೆ. ರಾತ್ರಿ ಆ ಓಣಿಯಲ್ಲಿ ಮಲಗಿದ್ದವರೆಲ್ಲ ಉತ್ತರ ಕೊಡಬೇಕು. ನಸುಕಿನಲ್ಲೇ ಹೊರಗೆ ಹೋಗುವವರು ಅವನ ಮನೆಯ ಮುಂದೆ ನಿಂತು ತಮ್ಮ ಮಾತು ಒಪ್ಪಿಸಿ ಹೋಗಬೇಕು. ಎಲ್ಲರೂ ಹೂಂ ಅಂದರೆ ಮಧ್ಯಾಹ್ನದೊಳಗೆ ಓಣಿ ಏಳುತ್ತದೆ. ಒಬ್ಬರು ಉಹೂಂ ಅಂದರೂ ಏಳುವುದಿಲ್ಲ. ಉಹೂಂ ಅನ್ನುವವರಿಗೆ ಯಾವತ್ತೂ ಬರವಿಲ್ಲ. ಒಂದು ಮನೆಯಲ್ಲಿ ಬಾಣಂತಿ, ಇನ್ನೊಂದು ಮನೆಯಲ್ಲಿ ಹೆಪ್ಪು ಹಾಕಿದ ಹಾಲು. ಹೀಗಾಗಿ ಈ ಪ್ರಶ್ನೆ "ಚಾ ಆತೇನು" ಅನ್ನುವಷ್ಟು ಸದರವಾಗಿಬಿಟ್ಟಿದೆ. ನಮ್ಮ ಓಣಿಯಲ್ಲಿ ಕೇಳುವವನು ಹಲ್ಲುಜ್ಜುತ್ತ ಕೇಳುತ್ತಾನೆ, ನಾವೂ ಹಲ್ಲುಜ್ಜುತ್ತಲೇ ಉತ್ತರ ಕೊಡುತ್ತೇವೆ.

ನಾನು ಹಜರತಬಿ. ಹೆಣ್ಣುಮಕ್ಕಳ ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಆಮೇಲೆ ಹೊತ್ತು ಹೋಗಲೆಂದು ಊರಿನ ಮನೆತನಗಳ ಚರಿತ್ರೆ ಕೂಡಿಹಾಕಲು ಕೂತೆ. ದೊಡ್ಡ ಹಾಳೆಯ ಮೇಲೆ ಒಂದೊಂದು ಮನೆತನಕ್ಕೂ ಒಂದೊಂದು ಮರ ಬರೆಯುವುದು, ಮುದುಕ ಮುದುಕಿಯರನ್ನು ಕೇಳಿ ಕೊಂಬೆಗಳಿಗೆ ಹೆಸರು ತುಂಬುವುದು. ಗಾಣಿಗರ ಮರ ಆಯಿತು, ಬಡಿಗೇರರದು ಆಯಿತು. ಅವರು ಅವನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿಕೊಂಡರು. ನಮ್ಮದೇ ಮರ ಮಾತ್ರ ಮುಗಿಯಲಿಲ್ಲ. ಅವ್ವನ ಕಡೆಯ ಕೊಂಬೆ ಹಾಳೆಯ ಅಂಚಿಗೆ ಹೋಗಿ ನಿಂತುಬಿಟ್ಟಿತ್ತು.

ಕಾರಣ ಇಷ್ಟೇ. ನಮ್ಮ ಅವ್ವ ಇಮಾಮಬಿ ಹುಟ್ಟಿದ್ದು ಪಿಂಜಾರ ಓಣಿಯಲ್ಲಿ. ಅಜ್ಜ ಫಕ್ರುಸಾಬ ಬಿಲ್ಲು ಕಟ್ಟಿ ಹತ್ತಿ ಹಿಂಜುತ್ತಿದ್ದ, ಅಜ್ಜಿ ಹುಸೇನಬಿ ಗಾದಿ ಹೊಲಿಯುತ್ತಿದ್ದಳು. ಅವ್ವ ಇನ್ನೂ ಬಗಲಗೂಸಾಗಿದ್ದಾಗ ಒಂದು ದಿನ ಅಜ್ಜಿ ಯಾರದೋ ಮದುವೆ ಮನೆಯ ಗಾದಿ ಹೊಲಿಯಲು ನಸುಕಿನಲ್ಲೇ ಕೂಸನ್ನು ಎತ್ತಿಕೊಂಡು ಹೊರಟಳು. ದೊಡ್ಡ ಮಗಳು ಪೀರಮ್ಮ ಆಗಷ್ಟೇ ಎದ್ದಿದ್ದಳು. ಅವಳನ್ನು ಅಪ್ಪನ ಹತ್ತಿರ ಬಿಟ್ಟಳು. ಮದುವೆ ಮನೆಯವರು ಉಂಡೇ ಹೋಗು ಎಂದು ಕೂಡಿಸಿದರು. ಉಂಡು ತಿರುಗಿ ಬಂದರೆ ಕಂಬಾರ ಓಣಿಯೂ ತೇರದಾಳದವರ ಓಣಿಯೂ ಒಂದಕ್ಕೊಂದು ಸರಿಯುತ್ತಿದ್ದವು. ನಡುವೆ ಇದ್ದ ಪಿಂಜಾರ ಓಣಿ ಇರಲಿಲ್ಲ.

ಅಜ್ಜಿ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದಳಂತೆ: "ನಾ ಉಹೂಂ ಅಂತ ಹೇಳಿನ ಹೊರಗ ಬಿದ್ದಿದ್ದೆ. ನನ್ನ ಮಾತು ದಾಟಿ ಹ್ವಾದ್ರು. ಆ ಮನಶ್ಯಾ ಹೂಂ ಅಂದ." ಆ ಮನುಷ್ಯ ಅಂದರೆ ನಮ್ಮ ಅಜ್ಜ. ಆಮೇಲೆ ಅವನ ಹೆಸರನ್ನು ಅವಳು ಎತ್ತಲಿಲ್ಲ. ಅವ್ವನೂ ಎತ್ತಿದವಳಲ್ಲ. ನನ್ನ ಹಾಳೆಯ ಮೇಲೆ ಅಜ್ಜನ ಹೆಸರು ಬರೆಯಲು ಹೋದರೆ, "ಜಾಗಾ ಯಾಕ ಹಾಳ ಮಾಡ್ತಿ, ಅಲ್ಲೊಂದು ಹೂ ತಗಿ," ಅಂದಿದ್ದಳು.

ಹೀಗಿರುವಾಗ ನಮ್ಮ ಮಾಳಿಗೆಯ ಮೇಲೆ ಬಾಡಿಗೆಗೆ ದನದ ಡಾಕ್ಟರ ಕುಟುಂಬ ಬಂತು. ಡಾಕ್ಟರ ಹೆಂಡತಿ ಕಸ್ತೂರಿ ಎರಡನೆಯ ದಿನ ಗಾದಿಗಳನ್ನು ಬಿಸಿಲಿಗೆ ಹಾಕಿದಳು. ಅವ್ವ ಮೆಣಸಿನಕಾಯಿ ಹರವಲು ಮೇಲೆ ಹೋದವಳು ಹೊತ್ತಾದರೂ ಇಳಿಯಲಿಲ್ಲ. ನಾನು ಹೋಗಿ ನೋಡಿದರೆ ಒಂದು ಗಾದಿಯ ಮೂಲೆಯನ್ನು ಮುಟ್ಟಿ ಮುಟ್ಟಿ ನೋಡುತ್ತ ಕೂತಿದ್ದಳು. ಆ ಮೂಲೆಯಲ್ಲಿ ಗುಬ್ಬಿಯ ಕಾಲಿನ ಹಾಗೆ ಮೂರು ಹೊಲಿಗೆ ಒಂದೇ ಗಂಟಿಗೆ ಸೇರಿದ್ದವು. ಅಜ್ಜಿ ಹಾಗೆ ಹೊಲಿಯುತ್ತಿದ್ದಳು. ಅವ್ವನೂ ಹಾಗೇ ಹೊಲಿಯುತ್ತಾಳೆ. ಬೇರೆ ಯಾರೂ ಹಾಗೆ ಹೊಲಿದದ್ದನ್ನು ನಾನು ಕಂಡಿಲ್ಲ.

"ಬಟ್ಟಿ ಹೊಸಾದು," ಅಂದಳು ಅವ್ವ. "ಹೊಲದಾಕಿ ಬದಕ್ಯಾಳ."

ಕಸ್ತೂರಿಯನ್ನು ಕೇಳಿದೆ. "ಹಿಂದಿನ ಊರಾಗ ತಗೊಂಡ್ವಿ ಅಕ್ಕೋರ. ಹೊಳಿ ಆಚೆ. ಸಂತಿ ಬಯಲಿನ ಹಿಂದ ಒಂದು ಓಣಿ ಇತ್ತು. ಅಲ್ಲೊಬ್ಬಾಕಿ ಮುದುಕಿ, ಬಾಯಿ ಜೋರು, ಕೆಲಸ ಚೊಲೋ," ಅಂದಳು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವ್ವನನ್ನು ಕರೆದರೆ, "ನಾ ಯಾಕ ಹುಡುಕ್ಲಿ? ಹ್ವಾದವರು ಹುಡುಕಬೇಕು," ಎಂದು ಮೆಣಸಿನಕಾಯಿ ಹರವತೊಡಗಿದಳು. ನಾನೊಬ್ಬಳೇ ಹೊರಟೆ.

ಹೊಳೆಯಾಚೆಯ ಊರಿನಲ್ಲಿ ಸಂತೆ ಬಯಲಿನ ಹಿಂದೆ ಎಮ್ಮೆಗಳು ಮಲಗಿದ್ದವು. ಪಕ್ಕದಲ್ಲಿ ಚಹಾದ ಅಂಗಡಿ ಇಟ್ಟಿದ್ದ ಹೆಂಗಸು, "ಇತ್ತಲ್ಲ, ಹೋದ ಮಳಿಗಾಲದ ತನಕಾ ಇತ್ತು," ಅಂದಳು. "ಬಂದಾಗ ನಮಗ ಭಾಳ ತ್ರಾಸಾತ್ರಿ. ಎಮ್ಮಿ ಕಟ್ಟೂ ಜಾಗಾ, ಹೇಳದ ಕೇಳದ ಬಂದು ಕುಂತ್ರ ಹೆಂಗ? ಮತ್ತ ಹ್ವಾದಾಗ ಅದಕ್ಕಿಂತ ತ್ರಾಸಾತು. ನನ್ನ ಅರ್ಧ ಗಿರಾಕಿ ಅವರ ಇದ್ರು." ಯಾವ ದಿಕ್ಕಿಗೆ ಹೋಯಿತು ಎಂದು ಕೇಳಿದೆ. ಅವಳು ಲೋಟ ಹಿಡಿದ ಕೈಯನ್ನೇ ಮೂಡಣಕ್ಕೆ ಚಾಚಿದಳು. ಆ ದಾರಿಯ ಜಾಲಿಗಿಡಗಳಿಗೆ ಅಲ್ಲಲ್ಲಿ ಅರಳೆ ಸಿಕ್ಕಿಕೊಂಡಿತ್ತು. ಮಳೆಗೆ ನೆಂದು ಬಿಸಿಲಿಗೆ ಒಣಗಿ ಕಂದಿತ್ತು. ಬಸ್ಸಿನ ಕಿಟಕಿಯಿಂದ ಅದನ್ನೇ ನೋಡುತ್ತ ಹೋದೆ. ಅರಳೆ ಕಾಣದಲ್ಲಿ ಇಳಿದೆ, ಜನರನ್ನು ಕೇಳಿದೆ, ಮತ್ತೆ ಹತ್ತಿದೆ. ನಡುವಿನ ಒಂದು ಊರಿನವರು ನಮ್ಮಲ್ಲಿ ಜಾಗ ಇಲ್ಲ ಎಂದು ಅದನ್ನು ಮುಂದೆ ಸಾಗಹಾಕಿದ್ದರು. ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ನಾಚಿಕೆ ಇತ್ತು.

ಕಡೆಗೆ ಪಿಂಜಾರ ಓಣಿ ಸಿಕ್ಕಿದ್ದು ಇಟ್ಟಿಗೆ ಭಟ್ಟಿಗಳ ಸಾಲಿನಾಚೆ. ಎರಡು ಸಾಲು ಮನೆ, ನಡುವೆ ಹಾಸುಗಲ್ಲು, ಒಂದು ಸಣ್ಣ ಮಸೀದಿ, ಒಂದು ಬೇವಿನಮರ. ಓಣಿಯ ಬಾಯಿಯಲ್ಲೇ ಬಿಲ್ಲಿನ ಧೊಂಯ್ ಧೊಂಯ್ ಸದ್ದು ಕೇಳುತ್ತಿತ್ತು. ಭಟ್ಟಿಯ ಹೊಗೆ ಎಲ್ಲದರ ಮೇಲೂ ಕೂತು ಹತ್ತಿಯ ಗುಡ್ಡೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು.

ಪೀರಮ್ಮನನ್ನು ಯಾರೂ ತೋರಿಸಬೇಕಾಗಲಿಲ್ಲ. ಕಟ್ಟೆಯ ಮೇಲೆ ಗಾದಿ ಹೊಲಿಯುತ್ತ ಕೂತವಳಿಗೆ ನಮ್ಮ ಅವ್ವನ ಮೂಗು ಇತ್ತು.

"ಯಾರ ಮಗಳು?" ಅಂದಳು, ತಲೆ ಎತ್ತದೆ.

"ಇಮಾಮಬೀ ಮಗಳು, ದೊಡ್ಡವ್ವ. ಹುಸೇನಬೀ ಮೊಮ್ಮಗಳು."

ಅವಳ ಕೈ ನಿಂತಿತು. ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಆಮೇಲೆ ಕೇಳಿದ್ದು ಇಷ್ಟು: "ನಿಮ್ಮಜ್ಜಿ ಹೂಂ ಅಂತ ಯಾಕ ಅಂದ್ಳು?"

ನನಗೆ ತಿಳಿಯಲಿಲ್ಲ. ಪೀರಮ್ಮ ತಿಳಿಸಿದಳು. ಆ ದಿನ ಬೆಳಿಗ್ಗೆ ಕೇಳುವವನಾಗಿದ್ದ ಮೌಲಾಸಾಬ ಅವರ ಬಾಗಿಲಿಗೆ ಬಂದು, "ಹುಸೇನಬಿ ಹೂಂ ಅಂತ ಹೇಳಿ ಹ್ವಾದ್ಳು, ನೀ ಏನಂತಿ?" ಎಂದು ಅಜ್ಜನನ್ನು ಕೇಳಿದನಂತೆ. ಹೆಂಡತಿ ಒಪ್ಪಿದ್ದಾಳೆ, ಮಧ್ಯಾಹ್ನದೊಳಗೆ ಬಂದೇ ಬರುತ್ತಾಳೆ ಎಂದು ಅಜ್ಜನೂ ಹೂಂ ಅಂದ. ಅವಳು ಬರಲಿಲ್ಲ. ಓಣಿ ಏಳುವಾಗ ಅಜ್ಜ ಓಣಿಯ ಬಾಯಿಗೆ ಓಡಿದ. ಅಷ್ಟರಲ್ಲಿ ಅಲ್ಲಿ ಊರು ಇರಲಿಲ್ಲ, ಯಾರದೋ ಜೋಳದ ಹೊಲ ಇತ್ತು.

"ನಮ್ಮನ್ನ ಕಳಕೋಬೇಕಂತನ ಹೂಂ ಅಂದು ಹ್ವಾದ್ಳು," ಅಂದಳು ಪೀರಮ್ಮ. "ನಮ್ಮಪ್ಪ ಸಾಯೂ ತನಕಾ ಅದನ್ನ ನುಂಗಿಕೊಂಡು ಹತ್ತಿ ಹಿಂಜಿದ. ಇನ್ನೊಂದು ಲಗ್ನ ಆಗ್ಲಿಲ್ಲ. ಅಕೀ ಹೆಸರು ಹೇಳಲಿಲ್ಲ."

"ಅಜ್ಜಿ ಉಹೂಂ ಅಂದಿದ್ಳಂತ, ದೊಡ್ಡವ್ವ. ಅಜ್ಜನೇ ಅಕೀನ್ನ ಬಿಟ್ಟು ಬಂದಾನಂತ ಆಕಿ..."

"ಹೇಳ್ತಾಳ, ಹೇಳ್ದ ಏನ ಮಾಡ್ತಾಳ," ಎಂದು ಪೀರಮ್ಮ ದಾರ ಎಳೆದಳು. ಆದರೂ ಊಟಕ್ಕೆ ಹಾಕಿದಳು. ಎರಡನೆಯ ರೊಟ್ಟಿ ಬೇಡ ಅಂದದ್ದಕ್ಕೆ ಬೈದಳು.

ಊರಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅಕ್ಕ ಬದುಕಿದ್ದಾಳೆ ಅಂದಾಗ ಅವ್ವ ಹೂಂಗುಟ್ಟಿದಳು, ಅಷ್ಟೇ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು ಅಂದಾಗ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದಳು. ಅಜ್ಜಿಯೇ ಹೂಂ ಅಂದಳೆಂದು ಅವರು ಹೇಳುತ್ತಾರೆ ಅಂದಾಗ ಮಾತ್ರ ಎದ್ದು ನಿಂತಳು.

"ನಮ್ಮವ್ವನ್ನ ಸುಳ್ಳಿ ಅಂತಾಳೇನು? ನನ್ನ ಚೀಲಾ ತಾ."

ಅಕ್ಕ ತಂಗಿ ಭೇಟಿಯಾದ ಆ ಹೊತ್ತನ್ನು ನಾನು ದಾರಿಯುದ್ದಕ್ಕೂ ಏನೇನೋ ಕಲ್ಪಿಸಿಕೊಂಡಿದ್ದೆ. ಆದದ್ದು ಬೇರೆ. ಅವ್ವ ಕಟ್ಟೆಯ ಮುಂದೆ ನಿಂತು, "ನೀ ಏನೇನ ಅಂದಿ ಅಂತಲ್ಲ," ಅಂದಳು. ಪೀರಮ್ಮ, "ಇದ್ದದ್ದ ಅಂದೇನಿ," ಅಂದಳು. ಅಲ್ಲಿಂದ ಸುರುವಾದದ್ದು ಸಂಜೆಯ ಮಗ್ರಿಬಿನ ಬಾಂಗಿನ ತನಕ ನಡೆಯಿತು. ನೆರೆಯವರು ಕೆಲಸ ಬಿಟ್ಟು ಬಂದು ನೋಡಿದರು. ಕಡೆಗೆ ಈಗಿನ ಕೇಳುವವನಾದ ಬುಡನ್‌ಸಾಬನನ್ನು ಕರೆಸಿದರು. ಅವನು ಆ ಮೌಲಾಸಾಬನ ಮಗ. ಗಡ್ಡ ಬೆಳ್ಳಗಾದ, ಬಲು ಸಭ್ಯ ಮನುಷ್ಯ.

"ನಮ್ಮಪ್ಪ ತನ್ನ ಕಿವೀಲೆ ಕೇಳ್ಯಾನ್ರಿ ಅಕ್ಕಾ," ಅಂದ. "ಅವ ನಮಾಜಿ ಮನಶ್ಯಾ. ಸುಳ್ಳ ಹೇಳಾವಲ್ಲ."

"ನಮ್ಮವ್ವನೂ ಹೇಳಾಕೆಲ್ಲ," ಅಂದಳು ಅವ್ವ. "ನಿಮ್ಮಪ್ಪಂದು ತಪ್ಪು ಅಂತ ನೀ ಒಪ್ಪೂ ತನಕಾ ನಾ ಇಲ್ಲಿಂದ ಏಳಾಂಗಿಲ್ಲ."

ಏಳಲಿಲ್ಲ. ಅಕ್ಕನ ಮನೆಯ ಪಡಸಾಲೆಯಲ್ಲೇ ಮಲಗಿದಳು. ಒಂದು ರಾತ್ರಿ ಮಲಗಿದ್ದರಿಂದ ಮರುದಿನ ಬುಡನ್‌ಸಾಬ ಅವಳನ್ನೂ ಕೇಳಬೇಕಾಯಿತು. ಅವ್ವ ಇಡೀ ಓಣಿಗೆ ಕೇಳುವ ಹಾಗೆ "ಉಹೂಂ" ಅಂದಳು.

ಇದರಿಂದ ಒಂದು ಪೇಚು ಹುಟ್ಟಿತು. ಭಟ್ಟಿಯ ಹೊಗೆಗೆ ಬೇಸತ್ತು ಓಣಿಯವರೆಲ್ಲ ಹೊರಡಲು ತಯಾರಾಗಿದ್ದರು. ಕಡೆಯ ಮನೆಯ ಬಾಣಂತನ ಒಂದು ಮುಗಿಯುವುದಿತ್ತು. ಅದು ಮುಗಿಯುವ ಹೊತ್ತಿಗೆ ನಮ್ಮ ಅವ್ವ ಬಂದು ಕೂತಿದ್ದಳು. ದಿನಾ ಬೆಳಿಗ್ಗೆ ಎಲ್ಲ ಬಾಗಿಲೂ ಹೂಂ, ಈ ಒಂದು ಕಟ್ಟೆ ಉಹೂಂ. ನಾನು ವಾರಕ್ಕೊಮ್ಮೆ ಊರಿಗೆ ಹೋಗಿ ಬಂದು ಮಾಡುತ್ತಿದ್ದೆ. ಪ್ರತಿ ಸಲವೂ ಓಣಿಯ ಬಾಯಿಯಲ್ಲೇ ಯಾರಾದರೂ ಅಡ್ಡಗಟ್ಟಿ, "ಅಕ್ಕೋರ, ನಿಮ್ಮವ್ವಗ ಒಂಚೂರು ಹೇಳ್ರಿ, ಕೂಸುಗಳು ಕೆಮ್ಮತಾವ," ಎಂದು ಬೇಡಿಕೊಳ್ಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವ್ವ, "ಬುಡನ್‌ಸಾಬಗ ಹೇಳು," ಅನ್ನುತ್ತಿದ್ದಳು. ಬುಡನ್‌ಸಾಬನಿಗೆ ಹೇಳಿದರೆ ಅವನು ಗಡ್ಡ ನೀವಿಕೊಂಡು, "ಸತ್ತ ಅಪ್ಪನ್ನ ಹೆಂಗ ಸುಳ್ಳ ಮಾಡ್ಲಿ?" ಅನ್ನುತ್ತಿದ್ದ. ಇಬ್ಬರದೂ ಒಂದೇ ಕಷ್ಟ. ಅದನ್ನು ಇಬ್ಬರಿಗೂ ಹೇಳಿ ಇಬ್ಬರಿಂದಲೂ ಬೈಸಿಕೊಂಡೆ.

ಈ ನಡುವೆ ಅಕ್ಕ ತಂಗಿ ಒಂದೇ ಒಲೆಯ ಮುಂದೆ ಇದ್ದರು. ಒಬ್ಬಳ ರೊಟ್ಟಿ ಇನ್ನೊಬ್ಬಳಿಗೆ ದಪ್ಪ, ಇನ್ನೊಬ್ಬಳ ಪಲ್ಯ ಇವಳಿಗೆ ಉಪ್ಪು. ಆದರೆ ಕೆಲಸಕ್ಕೆ ಕೂತರೆ ಮಾತಿರುತ್ತಿರಲಿಲ್ಲ. ಒಂದೇ ಗಾದಿಯ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು. ಇಬ್ಬರ ಮೂಲೆಯಲ್ಲೂ ಅದೇ ಗುಬ್ಬಿಯ ಕಾಲು. ಒಮ್ಮೆ ಪೀರಮ್ಮ ನನ್ನ ಹತ್ತಿರ ಮೆಲ್ಲಗೆ, "ಇಕಿ ಕೈ ಅವ್ವನ್ಹಂಗ ಐತಿ. ನನ್ನ ಕೈ ಹಂಗ ಬರ್ಲಿಲ್ಲ. ನಾ ಹಳೇ ಗಾದಿ ಬಿಚ್ಚಿ ನೋಡಿ ಕಲ್ತಾಕಿ," ಅಂದಳು. ಅವ್ವನಿಗೆ ಇದನ್ನು ಹೇಳಬಾರದು ಅಂತಲೂ ಅಂದಳು.

ಕಾರ್ತಿಕದ ಒಂದು ಬೆಳಿಗ್ಗೆ. ದೊಡ್ಡ ಮದುವೆಯ ಗಾದಿಗಳ ಕೆಲಸ ಬಂದಿತ್ತು. ನಾನು ಕಟ್ಟೆಯ ಮೇಲೆ ಕೂತು ದಾರಕ್ಕೆ ಮೇಣ ಹಚ್ಚುತ್ತಿದ್ದೆ. ಅವ್ವನ ತೊಡೆಯ ಮೇಲೆ ಗಾದಿಯ ಅಂಚು, ಒಂದು ಕೈಯಲ್ಲಿ ಬಟ್ಟೆ ಬಿಗಿದು ಹಿಡಿದಿದ್ದಾಳೆ, ಇನ್ನೊಂದು ಕೈಯಿಂದ ಅರಳೆ ತುರುಕುತ್ತಿದ್ದಾಳೆ. ಗಾದಿ ಹೊಲಿಯುವ ಉದ್ದನೆಯ ದಬ್ಬಣವನ್ನು ತುಟಿಗಳ ನಡುವೆ ಕಚ್ಚಿಕೊಂಡಿದ್ದಾಳೆ. ಬುಡನ್‌ಸಾಬ ಬಂದ. ಪೀರಮ್ಮನೂ ನಾನೂ ಹೂಂ ಅಂದ ಮೇಲೆ ಅವ್ವನ ಕಡೆ ತಿರುಗಿದ.

"ಹೋಗೂಣೇನ್ರಿ ಅಕ್ಕಾ?"

ಅವ್ವ ಉತ್ತರ ಕೊಟ್ಟಳು. ಬುಡನ್‌ಸಾಬನ ಮುಖ ಅರಳಿತು. "ಅಲ್ಲಾಹು ನಿಮ್ಮನ್ನ ಚೊಲೋ ಇಟ್ಟಿರ್ಲಿ," ಎಂದು ಎದೆಯ ಮೇಲೆ ಕೈಯಿಟ್ಟು, ಅವಸರ ಅವಸರವಾಗಿ ಮುಂದಿನ ಮನೆಗೆ ಹೋದ. ಪಕ್ಕದ ಬಾಗಿಲು ಹೂಂ ಅಂದಿತು. ಅದರ ಪಕ್ಕದ್ದೂ ಹೂಂ ಅಂದಿತು.

ಪೀರಮ್ಮ ಗಾದಿಯ ಆ ತುದಿಯಿಂದ ಕಣ್ಣು ಕಿರಿದು ಮಾಡಿ ತಂಗಿಯನ್ನು ನೋಡಿದಳು. "ಏನಂದಿ?"

ಅವ್ವ ದಬ್ಬಣ ತೆಗೆದಳು. "ದಿನಾ ಏನಂತೇನಿ? ಉಹೂಂ ಅಂದೆ."

"ಬಾಯಾಗ ಇಟಗೊಂಡು ಮತ್ತೊಮ್ಮೆ ಅನ್ನು."

ಅವ್ವ ದಬ್ಬಣ ಕಚ್ಚಿಕೊಂಡು ಅಂದಳು.

"ಈಗ ಹೂಂ ಅನ್ನು."

ಅವ್ವ ಅಂದಳು. ಮೊದಲಿನದೇ ಸದ್ದು. ಮೂಗಿನಿಂದ ಬರುವ ಒಂದು ಹೂಂಕಾರ, ಅದಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ. ನಾನು ಕೂಡ ಒಂದು ದಬ್ಬಣ ಕಚ್ಚಿಕೊಂಡು ಎರಡನ್ನೂ ಅಂದು ನೋಡಿದೆ. ಎರಡೂ ಒಂದೇ.

ಪೀರಮ್ಮನ ಕೈಯಿಂದ ಬಟ್ಟೆ ಜಾರಿತು. "ಆ ದಿನಾ ಅವ್ವನ ಕೈ ಖಾಲಿ ಇರ್ಲಿಲ್ಲ," ಅಂದಳು. ಯಾರಿಗೂ ಹೇಳಿದ ಹಾಗಿರಲಿಲ್ಲ. "ಒಂದು ಬಗಲಾಗ ನೀ ಇದ್ದಿ. ಇನ್ನೊಂದು ಕೈಯಾಗ ದಾರದ ಗಂಟಿತ್ತು. ನಾ ಹೊಸ್ತಿಲ ಮ್ಯಾಲ ಕುಂತು ನೋಡಿದ್ದೆ. ನನಗ ಮುತ್ತು ಕೊಡಾಕ ಬಗ್ಗಿದಾಕಿ ಕೊಡಲಿಲ್ಲ. ಬಾಯಾಗ ದಬ್ಬಣ ಇತ್ತು."

ಓಣಿಯ ತುದಿಯಲ್ಲಿ ಬುಡನ್‌ಸಾಬನ ದನಿ ಕೇಳಿಸುತ್ತಿತ್ತು. ಇನ್ನು ಎರಡೋ ಮೂರೋ ಬಾಗಿಲು ಉಳಿದಿದ್ದವು. ಪೀರಮ್ಮ ಎದ್ದಳು. ಮೊಣಕಾಲು ನೋವಿನಿಂದ ಮಸೀದಿಯ ತನಕವೂ ನಡೆಯದ ಮುದುಕಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಹಾಸುಗಲ್ಲಿನ ಮೇಲೆ ಓಡಿದಳು.

"ಬುಡನ್‌ಸಾಬಾ! ನಿಂದ್ರ! ಅಕೀ ಹೂಂ ಅಂದಿಲ್ಲ! ಅಕೀ ಉಹೂಂ ಅಂದಾಳ!"

"ನಾ ಈಗಷ್ಟ ಕೇಳಿದ್ನೆಲ್ಲ ಅಕ್ಕಾ," ಅಂದ ಅವನು, ಗಾಬರಿಯಾಗಿ. "ಇಮಾಮಕ್ಕ ಹೂಂ ಅಂದ್ಳು."

"ಇಕೀನೂ ಅಂದಿಲ್ಲ, ಆಕೀನೂ ಅಂದಿಲ್ಲ!" ಪೀರಮ್ಮ ಅವನ ತೋಳು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. "ನಿಮ್ಮಪ್ಪ ಸುಳ್ಳ ಹೇಳಿಲ್ಲೋ. ಕೇಳಿದ್ದ ಹಂಗ. ನಮ್ಮವ್ವನೂ ಸುಳ್ಳ ಹೇಳಿಲ್ಲ."

ಬುಡನ್‌ಸಾಬನನ್ನು ಕಟ್ಟೆಗೆ ಕರೆತಂದು ಅವನ ಬಾಯಿಗೂ ಒಂದು ದಬ್ಬಣ ಕೊಟ್ಟರು. ಅವನು ಹೂಂ ಅಂದ, ಉಹೂಂ ಅಂದ. ಸುತ್ತ ನೆರೆದವರನ್ನು ಯಾವುದು ಯಾವುದು ಎಂದು ಕೇಳಿದ. ಯಾರಿಂದಲೂ ಹೇಳಲಾಗಲಿಲ್ಲ. ಅವನು ದಬ್ಬಣವನ್ನು ಒರೆಸಿ ಅವ್ವನ ಕೈಗಿತ್ತು, ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಮರುದಿನದಿಂದ ಪ್ರತಿ ಬಾಗಿಲಿನಲ್ಲೂ, "ಮೊದಲ ಬಾಯಿ ಖಾಲಿ ಮಾಡ್ಕೊರಿ," ಎಂದೇ ಕೇಳುವುದನ್ನು ಸುರುಮಾಡಿದ. ಎಲೆ ಅಡಿಕೆ ಹಾಕುವವರಿಗೆ ಇದರಿಂದ ತೊಂದರೆಯಾಯಿತು.

ಅವ್ವನಿಗೆ ಇನ್ನು ಅಲ್ಲಿ ಕೂರುವ ಕಾರಣ ಇರಲಿಲ್ಲ. ಆದರೂ ಅವಳು ಚೀಲ ಕಟ್ಟಲಿಲ್ಲ, ಬೆಳಗಿನ ಉಹೂಂ ಕೂಡ ಬಿಡಲಿಲ್ಲ. ಎರಡು ದಿನ ಅಕ್ಕ ತಂಗಿ ಜಗಳವನ್ನೂ ಆಡಲಿಲ್ಲ. ಮೂರನೆಯ ದಿನ ಪೀರಮ್ಮ, "ಅಪ್ಪಗ ಹೇಳಬೇಕು," ಅಂದಳು.

ಓಣಿ ಹೋಗುವಾಗ ಮನೆಗಳು ಹೋಗುತ್ತವೆ, ಮರ ಹೋಗುತ್ತದೆ, ಸತ್ತವರು ಹೋಗುವುದಿಲ್ಲ. ಫಕ್ರುಸಾಬನನ್ನು ಮಣ್ಣು ಮಾಡಿದ ಊರು ಹಿಂದೆ ಎಲ್ಲೋ ಉಳಿದಿತ್ತು. ಮೂವರೂ ಬೆಳಿಗ್ಗೆ ಬೇಗನೆ ಎದ್ದು ಹೊರಟೆವು. ಬುಡನ್‌ಸಾಬನ ಬಾಗಿಲಲ್ಲಿ ನಿಂತು, ಬಾಯಿ ತೆರೆದು ತೋರಿಸಿ, ಒಬ್ಬೊಬ್ಬರಾಗಿ ಉಹೂಂ ಅಂದೆವು. ಅವನು, "ಉಹೂಂ ಅಂದ್ರ ಬ್ಯಾಡ ಅಂತ ಅಲ್ರಿ?" ಎಂದು ಮತ್ತೆ ಮತ್ತೆ ಖಾತ್ರಿ ಮಾಡಿಕೊಂಡ.

ಎರಡು ಬಸ್ಸು ಬದಲಿಸಿ ಆ ಊರು ಮುಟ್ಟಿದೆವು. ಖಬರಸ್ತಾನದಲ್ಲಿ ಹುಲ್ಲು ಸೊಂಟದ ತನಕ ಬೆಳೆದಿತ್ತು. ಪೀರಮ್ಮ ಒಂದೊಂದೇ ಗೋರಿಯ ತಲೆಗಲ್ಲು ಮುಟ್ಟುತ್ತ ಹೋಗಿ, ಗೋಡೆಯ ಹತ್ತಿರದ ಒಂದು ಮಣ್ಣಿನ ದಿಬ್ಬದ ಮುಂದೆ ಕೂತಳು. ನಾವು ಹುಲ್ಲು ಕಿತ್ತೆವು. ನಾನು ಫಾತಿಹಾ ಓದಿದೆ.

"ಜೋರಾಗಿ ಹೇಳಬೇಕು," ಅಂದಳು ಪೀರಮ್ಮ. "ಬಿಲ್ಲಿನ ಸಪ್ಪಳಕ್ಕ ಅವನ ಕಿವಿ ಹೋಗಿದ್ವು." ಆಮೇಲೆ ಬಗ್ಗಿ, ಸಂತೆಯಲ್ಲಿ ಕೂಗಿದ ಹಾಗೆ, "ಅಪ್ಪಾ! ಅವ್ವ ಉಹೂಂ ಅಂದಿದ್ಳು! ಅಕೀ ನಮ್ಮನ್ನ ಕಳಕೊಂಡು ಹೋಗಿಲ್ಲ! ಬಾಯಾಗ ದಬ್ಬಣ ಇತ್ತು!" ಅಂದಳು. ಗೋಡೆಯಾಚೆ ಕುರಿ ಕಾಯುವವನೊಬ್ಬ ಇಣುಕಿ ನೋಡಿ ಮತ್ತೆ ಕೂತ.

ಪೀರಮ್ಮ ಸರಿದು ತಂಗಿಗೆ ಜಾಗ ಕೊಟ್ಟಳು. ಅವ್ವ ನಿಂತೇ ಇದ್ದಳು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ನಾ ಏನಂತ ಕರೀಲಿ ಅವಂಗ?" ಎಂದು ಅಕ್ಕನನ್ನು ಕೇಳಿದಳು. "ನಾ ಯಾವತ್ತೂ ಕರದಾಕೆಲ್ಲ."

"ಅಪ್ಪ ಅನ್ನು. ಮತ್ತೇನಂತಿ."

ಅವ್ವ ಕೂತಳು. ಅಂಗೈಯನ್ನು ಮಣ್ಣಿನ ಮೇಲಿಟ್ಟಳು. ಮೊದಲ ಸಲ ದನಿ ಹೊರಡಲಿಲ್ಲ, ತುಟಿ ಮಾತ್ರ ಅಲ್ಲಾಡಿತು.

"ಕೇಳೂದಿಲ್ಲ ಅವಂಗ," ಅಂದಳು ಪೀರಮ್ಮ. "ಜೋರಾಗಿ."

ಅವ್ವ ಗಂಟಲು ಸರಿಮಾಡಿಕೊಂಡು, ಜೋರಾಗಿ ಕರೆದಳು.